ಅಕ್ಕನ ಬೆರಳಿಗೊಂದು ಸಾಲು

ಪ್ರೀತಿಯ ಅಕ್ಕ, ನಾನು ಕ್ಷೇಮ. ಭಾವ ಈ ಕಾರ್ಡನ್ನು ನಿನಗೆ ಓದಿ ಹೇಳುವಾಗ ತಮ್ಮ ಒಗ್ಗರಣೆ ಸೇರಿಸದಿರಲಿ.

ಬಸ್ಸಿನ ಸೀಟು ಹೊಲಿಯುವ ಕೆಲಸಕ್ಕೆ ರಜೆಯೆಂದು ಇವತ್ತು ಇಲ್ಲಿನ ಸಂಗ್ರಹಾಲಯಕ್ಕೆ ಹೋಗಿದ್ದೆ. ನೀನು ಬೆರಳಾಡಿಸಿ ಓದುವ ಚುಕ್ಕೆ ಅಕ್ಷರಗಳನ್ನು ಕಂಡುಹಿಡಿದವರಿಗೇ ಅಲ್ಲೊಂದು ಕೋಣೆಯಿದೆ. ಮೂರು ವರ್ಷದ ಮಗುವಾಗಿದ್ದಾಗ, ಚರ್ಮದ ಕೆಲಸ ಮಾಡುತ್ತಿದ್ದ ಅಪ್ಪನ ದಬ್ಬಳ ಒಂದು ಕಣ್ಣಿಗೆ ಚುಚ್ಚಿ, ಆಮೇಲೆ ಎರಡೂ ಕಣ್ಣು ಹೋದವಂತೆ. ಹದಿನೈದಕ್ಕೆಲ್ಲ ಈ ಅಕ್ಷರ ಕಟ್ಟಿದರಂತೆ. ನನ್ನ ಜೇಬಿನಲ್ಲೂ ಅಂಥದ್ದೇ ದಬ್ಬಳವಿತ್ತು.

ಕೋಣೆ ನೋಡಿಕೊಳ್ಳುವ ಹೆಂಗಸಿಗೂ ಕಣ್ಣು ಕಾಣದು. “ಅಕ್ಕನಿಗೆ ಬರುತ್ತೆ ಅಂತೀರಿ, ನಿಮಗ್ಯಾಕೆ ಬರಲ್ಲ?” ಎಂದರು.

ಶಾಲೆಯಿಂದ ಬಂದ ನೀನು, “ಕಲಿಯೋ, ನಾವಿಬ್ರೇ ಕಾಗದ ಬರ್ಕೋಬಹುದು” ಎಂದು ಗೋಗರೆದಾಗ, “ನಂಗೆ ಕಣ್ಣಿದೆಯಲ್ಲ” ಅಂದವನು ನಾನು. ಆ ಹೆಂಗಸೇ ಹೇಳಿಕೊಟ್ಟರು; ಒಂದು ಸಾಲಿನಷ್ಟು ಕಲಿಯಲು ಒಂದು ಮಧ್ಯಾಹ್ನ ಸಾಕಾಯಿತು, ಅಕ್ಕ. ನಲವತ್ತು ವರ್ಷ ಸುಮ್ಮನೆ ಕಳೆದೆ.

ಮಂಡಿನೋವು ಇಳಿದಿದೆ, ಮಾತ್ರೆ ಬಿಟ್ಟಿಲ್ಲ. ಜಾಗ ಮುಗಿಯಿತು. ಕೆಳಗಿನ ಸಾಲನ್ನು ದಬ್ಬಳದಿಂದಲೇ, ಚುಕ್ಕೆ ಮುಂದಕ್ಕೆ ಉಬ್ಬಲೆಂದು ಕಾರ್ಡಿನ ಹಿಂದಿನಿಂದ, ಬಲದಿಂದ ಎಡಕ್ಕೆ ಚುಚ್ಚಿದ್ದೇನೆ. ಮುಂದಿನಿಂದ ಚುಚ್ಚಿ ಎರಡು ಕಾರ್ಡು ಕೆಡಿಸಿದ ಮೇಲೆ ಬುದ್ಧಿ ಬಂತು. ನನ್ನ ಸಹಿಯೂ ಅದರಲ್ಲೇ ಇದೆ.

ಭಾವ, ಇನ್ನು ಕಾರ್ಡನ್ನು ಅಕ್ಕನ ಕೈಗೆ ಕೊಡಿ. ಕೆಳಗಿರುವುದು ನೀವು ಓದುವಂಥದ್ದಲ್ಲ.