ಹತ್ತಬಾರದ ಬಲ್ಬು

ಚಿತ್ತಾಪುರ
೨೮-೧೦-೧೯೭೬

ಮನೆಯ ಯಜಮಾನರಿಗೆ ಮಾಣಿಕಮ್ಮ ಮಾಡುವ ನಮಸ್ಕಾರಗಳು.

ನಾವೆಲ್ಲ ಇಲ್ಲಿ ಚೆನ್ನಾಗಿದ್ದೇವೆ. ಸೋಲಾಪುರದ ದವಾಖಾನೆಯ ಊಟ ನಿಮಗೆ ಒಗ್ಗಿತೋ ಇಲ್ಲವೋ, ಕಣ್ಣಿನ ಪಟ್ಟಿಯೊಳಗೆ ತುರಿಕೆ ಎದ್ದಾಗ ಉಜ್ಜಿಕೊಳ್ಳುತ್ತೀರೋ ಏನೋ, ನನಗೆ ಅದೇ ಚಿಂತೆ. ಪತ್ರ ತಡವಾಯಿತು, ಸಿಟ್ಟಾಗಬೇಡಿ. ಬರೆದು ಬರೆದು ಹರಿದೆ. ನನ್ನ ಓದು ಗೊತ್ತೇ ಇದೆಯಲ್ಲ, ಅರ್ಧ ಉರ್ದು, ಅರ್ಧ ಕನ್ನಡ, ಎರಡೂ ಮುಗಿಯುವ ಮೊದಲೇ ಶಾಲೆ ಬಿಡಿಸಿದರು.

ಮೊದಲು ಸುದ್ದಿ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನನ್ನ ಹೊಟ್ಟೆಯಲ್ಲಿ ನಿಲ್ಲುವುದಿಲ್ಲ. ಜೀಪು ಚಾಲೂ ಆಯಿತು! ಮಾರಲಿಲ್ಲ!

ನೀವು ಹೋದ ಮೇಲೆ, ದಸರೆ ಕಳೆದದ್ದೇ ತಡ, ಜೀಪಿಗೆ ಏನೋ ಬಡಿದಿತ್ತು. ಲೈಟು ಹಚ್ಚಿದರೆ ಎಣ್ಣೆ ತೀರಿದ ಕಂದೀಲಿನ ಹಾಗೆ ಮಂಕು. ಹಾರ್ನ್ ಒತ್ತಿದರೆ ಆ ಮಂಕೂ ಇಲ್ಲ. ಸ್ಟಾರ್ಟರ್ ಒತ್ತಿದರೆ ಬರೀ 'ಟಕ್'. ನಿಮ್ಮ ತಮ್ಮ ಚಂದ್ರಾಮ ಬ್ಯಾಟರಿಯನ್ನು ವಾಡಿಗೆ ಒಯ್ದು ಚಾರ್ಜ್ ಮಾಡಿಸಿಕೊಂಡು ಬಂದ. ತಂದು ಕೂಡಿಸಿದರೂ ಅದೇ 'ಟಕ್'. ನಿಮ್ಮ ಅಣ್ಣ ಕಾಶಪ್ಪ ಭಾವನವರು ಶಹಾಬಾದಿನ ಒಬ್ಬ ಫರಸಿ ಕಲ್ಲಿನ ಸಾಹುಕಾರನ ಜೊತೆ ಮಾತಾಡಿ ಬಂದರು. "ಒಳಗಿನ ವೈರೆಲ್ಲಾ ಸುಟ್ಟು ಹೋಗ್ಯಾವ. ಗುರುವಾರ ಸಾಹುಕಾರ್ರು ಬರ್ತಾರ, ಕೊಟ್ಟು ಕೈ ತೊಳ್ಕೋರಿ" ಎಂದರು. ನೀವು ಬಂದು ಜೀಪೆಲ್ಲಿ ಎಂದು ಕೇಳಿದರೆ ಯಾವ ಬಾಯಿಂದ ಹೇಳಲಿ?

ಅಷ್ಟರಲ್ಲಿ ಸಿರಾಜಣ್ಣ ನಿಮ್ಮನ್ನು ನೋಡಿ, ಜೀಪಿನ ಸುದ್ದಿ ಹೇಳಿ ತಿರುಗಿ ಬಂದ. ಬಸ್ ನಿಲ್ದಾಣದ ತನ್ನ ಚಹಾದ ಅಂಗಡಿ ತೆರೆಯುವ ಮೊದಲೇ ನಮ್ಮ ಮನೆಗೆ ಬಂದು ಕೂತ. "ತಂಗೀ, ನಿನ್ನ ಯಜಮಾನ ನನ್ನ ಕೈಲೆ ಪಾಠ ಒಪ್ಪಿಸಿಕೊಂಡ. ಒಂದು ಮಾತು ತಪ್ಪಿದ್ರ ಮತ್ತ ಮೊದಲಿಂದ! ಚಹಾ ಕಾಸೋ ಮನಷ್ಯಾಗ ಯಾಕ ಬೇಕು ಈ ಬ್ಯಾಟ್ರಿ?" ಎಂದು ಗೋಳಾಡಿದ.

ನಾನು ತಿಳಿದುಕೊಂಡದ್ದು ಸರಿಯೋ ಹೇಳಿ. ಕರೆಂಟು ನಮ್ಮ ಎಮ್ಮೆಯ ಹಾಗೆ, ಎಲ್ಲಿಗೆ ಹೋದರೂ ಮನೆಗೇ ಬರಬೇಕು. ಬ್ಯಾಟರಿಯಿಂದ ವೈರಿನಲ್ಲಿ ಹೊರಟು, ಲೈಟು ಹಚ್ಚಿ, ಜೀಪಿನ ಕಬ್ಬಿಣದ ಮೈಮೇಲೆ ನಡೆದು ತಿರುಗಿ ಬ್ಯಾಟರಿಗೆ ಸೇರುತ್ತದೆ. ಆದರೆ ಎಮ್ಮೆಗಿಂತ ಜಾಣ. ಬರುವ ದಾರಿ ಕಟ್ಟಿದ್ದರೆ ಹೊರಡುವುದೇ ಇಲ್ಲ, ಅರ್ಧ ಕಟ್ಟಿದ್ದರೆ ಕುಂಟುತ್ತದೆ.

ಜೀಪಿನ ಮೈಮೇಲೆ ನಡೆಯುತ್ತದೆ ಎಂದನಲ್ಲ ಸಿರಾಜಣ್ಣ. ಹಾಗಾದರೆ ಮುಟ್ಟಿದವರ ಗತಿ? ಗುರುವಾರ ಬೆಳಿಗ್ಗೆ ಗೋಣಿಚೀಲ ಹಾಸಿ ಅದರ ಮೇಲೆ ನಿಂತು, ರಬ್ಬರಿನ ಚಪ್ಪಲಿಗಳನ್ನು ಕೈಗೆ ಹಾಕಿಕೊಂಡೆ. ಅತ್ತೆಯವರು ನೋಡಿಬಿಟ್ಟರು. "ಕುಂಕುಮ ಹಚ್ಚಿದ ಗಾಡಿಗಿ ಚಪ್ಪಲಿ ಮುಟ್ಟಸ್ತೀ ಏನ? ನಿನ್ನ ಹೆದರಿಕಿಗಿ ಬೆಂಕಿ ಹತ್ಲಿ!"

"ವೈನಿ, ಬ್ಯಾಟ್ರಿ ಕರೆಂಟ್ ಕಡಿಯಂಗಿಲ್ಲ. ಅಣ್ಣ ದಿನಾ ಮುಟ್ತಾನಲ್ಲ" ಎಂದು ಚಂದ್ರಾಮ ಬಿದ್ದು ಬಿದ್ದು ನಕ್ಕ.

"ನಿಮ್ಮ ಅಣ್ಣನ ಕೈ ಬ್ಯಾರೆ, ನನ್ನ ಕೈ ಬ್ಯಾರೆ" ಎಂದೆ. ಆದರೂ ಚಪ್ಪಲಿ ತೆಗೆದೆ.

ಅದೇ ಹೊತ್ತಿಗೆ ಭಾವನವರು ಸಾಹುಕಾರನನ್ನು ಕರೆದುಕೊಂಡು ಬಂದರು. ನೀವು ಹೇಳಿ ಕಳಿಸಿದಂತೆ ಒಂದು ಬಲ್ಬಿಗೆ ಎರಡು ವೈರು ಕಟ್ಟಿ, ಬ್ಯಾಟರಿಯ ಎರಡೂ ಗೂಟಗಳಿಗೆ ಮುಟ್ಟಿಸಿದೆ. ಝಗ್ಗೆಂದು ಹತ್ತಿತು. ಬ್ಯಾಟರಿ ಗಟ್ಟಿ ಇದೆ. ಆಮೇಲೆ, ಜಡೆಯಂತೆ ಹೆಣೆದ ದಪ್ಪ ವೈರು ಬಿಗಿದ ಗೂಟಕ್ಕೆ ಬಲ್ಬಿನ ಒಂದು ತುದಿ, ಜೀಪಿನ ಬರಿ ಕಬ್ಬಿಣಕ್ಕೆ ಇನ್ನೊಂದು ತುದಿ ಹಿಡಿದು, "ಒತ್ತು ಚಂದ್ರಾಮ" ಎಂದೆ. ಈ ಸಲ ಬಲ್ಬು ಹತ್ತಬಾರದು. ಹತ್ತಿದರೆ, ಆ ಹೆಣೆದ ವೈರಿನಲ್ಲಿ ದಾರಿ ಸಿಗದ ಕರೆಂಟು ನನ್ನ ಬಲ್ಬಿನೊಳಗೆ ನುಗ್ಗಿತು ಎಂದೇ ಅರ್ಥ.

'ಟಕ್' ಎಂದಿತು. ಬಲ್ಬು ಹತ್ತಿತು!

"ಕರೆಂಟ್ ಬಂತು! ಗಾಡಿ ಛಲೋ ಅದ!" ಎಂದು ಅತ್ತೆಯವರು ಚಪ್ಪಾಳೆ ತಟ್ಟಿದರು. ನಾನು "ಅಯ್ಯ, ಹತ್ತಬಾರದಿತ್ತು!" ಎಂದು ಕೂಗಿ, ಅಳುತ್ತ ನಗುತ್ತ ನಿಂತೆ. "ಹತ್ತಿದ್ರೂ ಅಳ್ತಾಳ, ಹತ್ತದಿದ್ರೂ ಅಳ್ತಾಳ, ಎಂಥಾ ಹೆಣ್ಮಗಳಪ್ಪ ಈಕಿ!" ಎಂದರು ಭಾವನವರು.

ಹೆಣೆದ ವೈರನ್ನು ಹಿಡಿದು ಕೈಯಾಡಿಸುತ್ತ ಅದರ ಇನ್ನೊಂದು ತುದಿಗೆ ಹೋದೆ. ಚಂದ್ರಾಮ ಅಲ್ಲಿನ ಬೋಲ್ಟು ಬಿಚ್ಚಿದ. ಕೆಳಗೆ ಹಸಿರು ಬಣ್ಣ. ನನ್ನದೇ ಹಸಿರು! ದಸರೆಗೆ ಬಾಗಿಲಿಗೆ ಬಳಿದು ಉಳಿದದ್ದನ್ನು, ಗಾಡಿಗೆ ತುಕ್ಕು ಹಿಡಿದೀತೆಂದು ಹೆದರಿ, ಆ ವೈರು ಬಿಚ್ಚಿಸಿ ಅದರಡಿಗೂ ದಪ್ಪಗೆ ಬಳಿದವಳು ನಾನೇ. ಅದರ ಮೇಲೆಯೇ ಚಂದ್ರಾಮ ಬಿಗಿದಿದ್ದ. ಈಗ ಅವನೇ ನನ್ನನ್ನು ಹಂಗಿಸುತ್ತಾನೆ, "ಕರೆಂಟ್ ಮನಿಗಿ ಬರೋ ಬಾಗಿಲಾ ನೀವೇ ಮುಚ್ಚೀರಿ ವೈನಿ, ಮ್ಯಾಲ ಬಣ್ಣಾ ಬ್ಯಾರೆ!"

ಹಳೆಯ ಚೂರಿಯಿಂದ ಕಬ್ಬಿಣ ಮಿಂಚುವವರೆಗೆ ಕೆರೆದು ಬಿಗಿದೆವು. ಸ್ಟಾರ್ಟರ್ ಒತ್ತಿದ್ದೇ ತಡ ಜೀಪು ಗುಡುಗಿತು, ಕೋಳಿಗಳು ಗೋಡೆ ಹಾರಿದವು. ಅತ್ತೆಯವರು ಕಿವಿ ಮುಚ್ಚಿಕೊಳ್ಳುವವರೆಗೆ ಹಾರ್ನ್ ಹೊಡೆದೆ. ಸಾಹುಕಾರ, "ಇಷ್ಟು ಛಲೋ ಗಾಡಿ ಯಾಕ ಮಾರ್ತೀರಿ?" ಎಂದು ಭಾವನವರನ್ನೇ ಕೇಳಿದ. ಭಾವನವರು ಮುಂದಿನ ಸೀಟಿನಲ್ಲಿ ಕೂತು ಚಂದ್ರಾಮನಿಗೆ, "ವಾಡಿತನಕ ಬಿಟ್ಟು ಬಾ" ಎಂದರು. ನಿನ್ನೆಯಿಂದ ಚಂದ್ರಾಮ ಸೇಡಂ ದಾರಿಗೆ ಬಾಡಿಗೆ ಹೊಡೆಯುತ್ತಿದ್ದಾನೆ.

ಅತ್ತೆಯವರು ಪಕ್ಕದಲ್ಲೇ ಕೂತಿದ್ದಾರೆ. "ನನ್ನ ಮಗ ನೂರು ವರ್ಷ ಇರ್ಲಿ. ಮೂಗು ಮುರೀದಂಗ ಉಣ್ಣು ಅಂತ ಬರಿ" ಎನ್ನುತ್ತಾರೆ. ಬರೆದೆ.

ಇಂತಿ ನಿಮ್ಮ ಹೆದರುಪುಕ್ಕಲಿ,
ಮಾಣಿಕಮ್ಮ

ತಾ.ಕ.: ಅತ್ತೆಯವರು ಎದ್ದು ಒಳಗೆ ಹೋದರು, ಈಗ ಬರೆಯುತ್ತೇನೆ. ಸಿರಾಜಣ್ಣನನ್ನು ಬೈಯಬೇಡಿ, ನಿಮಗೆ ಕೊಟ್ಟ ಮಾತು ಅವನು ಮುರಿದಿಲ್ಲ. "ಪಟ್ಟಿ ಬಿಚ್ಚಿದ್ರ ಬಂದುಬಿಡ್ತಾನ" ಎಂದೇ ಹೇಳುತ್ತಾನೆ. ಆದರೆ ಇಷ್ಟು ವರ್ಷ ಜೀಪಿನಡಿಯಿಂದ ನೀವು ಕೂಗಿದ್ದು, ಕೆಂಪು ವೈರು ಕೊಡು, ಕರೀದು ಹಿಡಿ, ಎಂದೇ. ಈ ಸಲ ಹೇಳಿ ಕಳಿಸಿದ್ದೆಲ್ಲ ಜಡೆಯಂಥದು, ದಪ್ಪನೆಯದು, ಒರಟಾದದ್ದು. ಒಂದು ಬಣ್ಣವೂ ಇಲ್ಲ. "ಸಿರಾಜಣ್ಣ, ನೀ ಹೋಗಿ ನಿಂತಾಗ, ಬಂದಾಂವ ನೀನಂತ ಅವರಿಗಿ ಹ್ಯಾಂಗ ಗೊತ್ತಾತು?" ಎಂದು ಕೇಳಿದೆ. ಅವನು ಅರ್ಧ ಕುಡಿದ ಚಹಾ ಬಿಟ್ಟು, ಅಂಗಡಿ ತೆರೆಯಬೇಕೆಂದು ಎದ್ದು ಹೋದ.

ಪಟ್ಟಿ ಬಿಚ್ಚಿದರೂ ನಿಮಗೆ ಕತ್ತಲೆಯೇ ಎಂದು ಅತ್ತೆಯವರಿಗೆ ಹೇಳಿಲ್ಲ. ನೀವು ಬಂದೇ ಹೇಳಬೇಕು, ಬೇಗ ಬನ್ನಿ. ಚಂದ್ರಾಮ ಜೀಪು ನಡೆಸಲಿ, ನೀವು ಪಕ್ಕದಲ್ಲಿ ಕೂತು ಸದ್ದು ಕೇಳಿ ಎಲ್ಲಿ ಕೆಟ್ಟಿದೆ ಹೇಳಿ. ಬಲ್ಬು ನಾನು ಹಿಡಿಯುತ್ತೇನೆ, ಬರಿಗೈಯಲ್ಲೇ.

ಇದನ್ನು ನಿಮಗೆ ಓದಿ ಹೇಳುತ್ತಿರುವ ಪುಣ್ಯಾತ್ಮರಿಗೂ ನನ್ನ ನಮಸ್ಕಾರ. ಪಟ್ಟಿ ನೆನೆಯದಂತೆ ಸ್ವಲ್ಪ ನೋಡಿಕೊಳ್ಳಲಿ.