ಬಿಸಿಲಿಗೆ ಹಾಕಿದ ದಿಂಬು

ರಾಜಕೋಟ,
ಲಾಭಪಂಚಮಿ, ೧೯೫೬

ಪೂಜ್ಯರಾದ ನಿಮಗೆ ನಿಮ್ಮ ಮೋಂಘಿಯ ನಮಸ್ಕಾರಗಳು.

ಪತ್ರ ತಡವಾಯಿತು, ಮುನಿಸಿಕೊಳ್ಳಬೇಡಿ. ದೀಪಾವಳಿಗೆ ಮನೆಗೆಲ್ಲ ಸುಣ್ಣ ಬಳಿದು ಸೊಂಟ ಬಿದ್ದುಹೋಗಿತ್ತು. ಘೂಘರಾ ಕಡುಬು ಕರಿದೆ. ನಿಮಗೆ ಇಷ್ಟವೆಂದು ಏಲಕ್ಕಿ ಹೆಚ್ಚೇ ಹಾಕಿದೆ. ತಿಂದವರು ಮಾತ್ರ ಪಕ್ಕದ ಮನೆಯವರು.

ಒಂದು ತಮಾಷೆ ಕೇಳಿ. ಹಬ್ಬಕ್ಕೆ ಮುಂಚೆ ನಮ್ಮ ಹಾಸಿಗೆಯನ್ನೂ ಎರಡು ದಿಂಬುಗಳನ್ನೂ ಬಜಾರಿನ ಕಡೆಯ ಮಹಡಿ ಕಟಕಟೆಯ ಮೇಲೆ ಬಿಸಿಲಿಗೆ ಹಾಕಿದ್ದೆ. ಸಂಜೆಯೊಳಗೆ ಔಡಲ ಬೀಜದ ದರ ಏರಿತು! ಗುಲಾಬಚಂದ ಶೇಠರ ದಿಂಬು ಹೊರಗೆ ಬಂದಿದೆ, ಅಂದರೆ ಶೇಠರು ಮೊಂಬಾಸಾದಿಂದ ಹೊರಟಿದ್ದಾರೆ, ಬಂದವರೇ ಇಡೀ ಬೆಳೆ ಕೊಳ್ಳುತ್ತಾರೆ ಎಂದು ಸುದ್ದಿ. ನೀವಿದ್ದಾಗ ನಿಮ್ಮ ಕೆಮ್ಮಿಗೂ ಅರ್ಥ ಹುಡುಕುತ್ತಿದ್ದವರು, ಈಗ ನಿಮ್ಮ ದಿಂಬನ್ನೂ ಬಿಡಲಿಲ್ಲ.

ದಲ್ಲಾಳಿ ಲಾಭಶಂಕರ ಮೆಟ್ಟಿಲ ಕೆಳಗೆ ನಿಂತು, "ಭಾಭಿ, ಎರಡೂ ದಿಂಬು ದಿನಾ ಹಾಕಿ. ಒಂದು ಮರೆತ್ರೋ, ನಾವು ಮುಳುಗಿದ್ವಿ" ಎಂದ.

"ಅವರು ಬರ್ತಾರೆ ಅಂತ ನಿನಗ್ಯಾರಪ್ಪಾ ಹೇಳಿದ್ದು?"

"ಬರ್ಲಿ ಬಿಡ್ಲಿ, ನನಗೇನು? ಬರ್ತಾರೆ ಅಂತ ಬೇರೆಯವರು ನಂಬಿದ್ರೆ ನನ್ನ ಮಾಲು ಒಳ್ಳೆ ದರಕ್ಕೆ ಹೋಗುತ್ತೆ."

"ಆ ಬೇರೆಯವರು?"

"ಅವರೂ ನನ್ನ ಹಾಗೇ ಭಾಭಿ! ಯಾರು ಮೊದಲು ಮಾರಿ ಜಾರಿಕೊಳ್ತಾರೋ ಅಂತ ಒಬ್ಬರ ಮುಖ ಒಬ್ಬರು ನೋಡ್ತಾ ಕೂತಿದೀವಿ."

ನಗು ತಡೆಯಲಾಗಲಿಲ್ಲ. ಆದರೂ ದಿನಾ ಹಾಕಿದೆ, ಅವನಿಗೋಸ್ಕರ ಅಲ್ಲ. ಬಿಸಿಲು ಕಂಡ ನಿಮ್ಮ ದಿಂಬು ಒಳಗೆ ಬಂದ ಮೇಲೂ ಬೆಚ್ಚಗಿರುತ್ತದೆ, ನೀವು ಈಗಷ್ಟೇ ಎದ್ದು ಹೋದ ಹಾಗೆ. ಅದಕ್ಕೆ ಕೆನ್ನೆ ಒತ್ತಿ ಕೂರುತ್ತೇನೆ. "ಶೇಠರು ಯಾವಾಗ ಬರ್ತಾರೆ?" ಎಂದು ಬೀದಿಯೆಲ್ಲ ಕೇಳುವಾಗ ನನಗೂ ಆ ದಿನ ಹತ್ತಿರ ಬಂತೆನ್ನಿಸುತ್ತದೆ. ನಿಮ್ಮನ್ನು ನೋಡಬೇಕೆನ್ನಿಸಿದೆ, ಬೇರೇನೂ ಇಲ್ಲ.

ನೀರು ಕಾಯಿಸಿ ಕುಡಿಯಿರಿ. ಎಲ್ಲಿದ್ದರೂ ಶ್ರೀನಾಥಜಿ ನಿಮ್ಮನ್ನು ತಣ್ಣಗೆ ಇಟ್ಟಿರಲಿ.

ನಿಮ್ಮ
ಮೋಂಘಿ

ತಾ.ಕ.: ಪತ್ರವನ್ನು ಅಂಚೆಗೆ ಹಾಕದೆ ಇಟ್ಟುಕೊಂಡಿದ್ದೆ. ನಿನ್ನೆ ನಮ್ಮ ಬೀದಿಯ ಪೋಪಟಭಾಯಿ ಮೊಂಬಾಸಾದಿಂದ ಬಂದರು. ಅಲ್ಲಿ ನಿಮ್ಮ ಮನೆಯಾಕೆ ಊಟ ಬಡಿಸಿದಳಂತೆ. ನಿಮ್ಮ ಮಗು ಅವರ ಬೆರಳು ಹಿಡಿದು ನಡೆಯಿತಂತೆ. ನನಗೆ ಗೊತ್ತಿದೆಯೆಂದೇ ಪಾಪ ಅವರು ತಿಳಿದಿದ್ದರು.

ಇವತ್ತು ಒಂದೇ ದಿಂಬು, ನನ್ನದು, ಬಿಸಿಲಿಗೆ ಹಾಕಿದೆ. ಮಧ್ಯಾಹ್ನಕ್ಕೇ ದರ ಬಿತ್ತು. ಲಾಭಶಂಕರ ಮೊದಲೇ ಎಲ್ಲ ಮಾರಿಬಿಟ್ಟಿದ್ದನಂತೆ. ಉಳಿದವರೂ ಹೇಗೋ ತಮ್ಮ ದಾರಿ ನೋಡಿಕೊಂಡರು. ನೀವು ಬರುತ್ತೀರೆಂದು ನಿಜವಾಗಿ ನಂಬಿದ್ದವಳು ಇಡೀ ಬಜಾರಿನಲ್ಲಿ ನಾನೊಬ್ಬಳೇ.