ನೀಲಿಮಾ ಕೈ ತೆಗೆದ ದಿನ

ಪುಣೆ, ಸೋಮವಾರ

ಅವ್ವಾ,

ನಾನು ಹಾಸಿಗೆ ಹಿಡಿದದ್ದು ನೀಲಿಮಾ ಬೆನ್ನು ಒತ್ತಿದ್ದರಿಂದ ಎಂದು ನೀನು ಫೋನಿನಲ್ಲಿ ಬೈದೆಯಂತೆ. ನಿಜ ಹೇಳಲು ನಿನ್ನ ಅಳಿಯ ಶ್ಯಾಮನಿಗೆ ಬಾಯಿ ಬರಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಬಸುರಿಯರ, ಬಾಣಂತಿಯರ ಬೆನ್ನು, ಸೊಂಟ ಸರಿಮಾಡುವುದೇ ನೀಲಿಮಾಳ ಕೆಲಸ. ಐದನೇ ತಿಂಗಳಲ್ಲಿ ನೋವು ಶುರುವಾದಾಗ ಅವಳ ಹತ್ತಿರ ಹೋದೆ. ಮೊದಲೆರಡು ಸಲ ಹಾಯೆನಿಸಿತು. ಮೂರನೇ ಸಲ ಬೆನ್ನೆಲುಬಿನ ಮೇಲೆ ಬೆರಳಿಟ್ಟವಳು ಕೈ ತೆಗೆದುಬಿಟ್ಟಳು.

"ಇದು ಬಸುರಿನ ನೋವಲ್ರೀ. ನಾ ಇನ್ನ ಒತ್ತಂಗಿಲ್ಲ. ಏಳ್ರಿ, ದವಾಖಾನಿಗೆ ಹೋಗೋಣು" ಎಂದು ತಾನೇ ರಿಕ್ಷಾದಲ್ಲಿ ಕರೆದುಕೊಂಡು ಹೋದಳು.

ಎದೆಯಲ್ಲಿ ಹುಟ್ಟಿದ ಕ್ಯಾನ್ಸರ್ ಬೆನ್ನೆಲುಬಿಗೆ ಇಳಿದಿತ್ತು. ಹೊಟ್ಟೆಯಲ್ಲಿ ಕೂಸಿರುವಾಗ ಬೆನ್ನಿಗೆ ರೇಡಿಯೇಶನ್ ಕೊಡಲು ಬರುವುದಿಲ್ಲವಂತೆ. ಕೊಟ್ಟರೂ ಪೂರ್ತಿ ವಾಸಿಯಾಗುವ ಬೇನೆಯಲ್ಲ ಎಂದು ಡಾಕ್ಟರು ಮುಚ್ಚಿಡದೆ ಹೇಳಿದರು. ಕೂಸು ಬರುವವರೆಗೆ ಕಾಯುತ್ತೇನೆ ಎಂದೆ. "ನನ್ನನ್ನ ಒಂದ್ ಮಾತ ಕೇಳಬೇಕಿತ್ತ ನೀ" ಎಂದ ಶ್ಯಾಮ.

ಬರುವ ತಿಂಗಳು ಆಪರೇಷನ್ ಮಾಡಿ ಕೂಸನ್ನು ತೆಗೆಯುತ್ತಾರೆ. ಅಷ್ಟರೊಳಗೆ ಬಾ. ಬಸುರಿಗೆ ಉಡಿಸುವ ಕುಬಸದ ಸೀರೆ ಬೇಡ, ಕೂಸಿಗೆ ಹಾಸಲು ನಿನ್ನ ಹಳೆಯ ನೂಲಿನ ಸೀರೆಗಳನ್ನು ತಾ. ನೀಲಿಮಾ ದಿನಾ ಸಂಜೆ ಬಂದು ನನ್ನನ್ನು ಮಗ್ಗುಲಿಗೆ ತಿರುಗಿಸುತ್ತಾಳೆ. ಅವಳಿಗೆ ಏನೂ ಅನ್ನಬೇಡ. ನನಗೆ ಎಣ್ಣೆ ತಿಕ್ಕಲು ಹೋಗಬೇಡ, ಕೂಸಿಗೆ ತಿಕ್ಕು. ನೀರು ಎರೆಯುವಾಗ ಮಾತ್ರ ಶ್ಯಾಮನನ್ನು ಮಣೆಯ ಮೇಲೆ ಕೂಡಿಸಿ, ಅವನ ಕಾಲ ಮೇಲೆಯೇ ಕೂಸನ್ನು ಮಲಗಿಸು. ಅವನು ಹೆದರುತ್ತಾನೆ. ಆದರೂ ನೀನು ಅವನಿಂದ ಕೂಸನ್ನು ಇಸಿದುಕೊಳ್ಳಬೇಡ. ಮುಂದೆ ಅವನೊಬ್ಬನೇ ಎರೆಯಬೇಕಲ್ಲ.

ನಿನ್ನ ಮಗಳು,
ಇಂದೂ